ನೆಲ ನಿಜವಾಗಲೂ ಡೊಂಕಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಂಗಾಳಿಗಳಲ್ಲೂ ಇದೇ ಗಾದೆ ಇದೆ, 'ನಾಚ್ತೆ ನಾ ಜಾನ್ಲೆ ಉಠೋನ್ ಬಾಂಕಾ' ಅಂತ. ಕಲ್ಕತ್ತೆಗೆ ಬಂದು ಇಪ್ಪತ್ತು ವರ್ಷ ದಾಟಿತು, ಎರಡೂ ಭಾಷೆಗಳಲ್ಲಿ ಹೀಗೆ ಹೊಂದುವ ಗಾದೆ ಸಿಕ್ಕಾಗೆಲ್ಲ ನನಗೆ ಖುಷಿ. ಇದೊಂದನ್ನು ಬಿಟ್ಟು! ಯಾಕೆಂದರೆ ನಮ್ಮ ಸಾಫ್ಟ್‌ವೇರ್ ಆಫೀಸುಗಳಲ್ಲಿ ಇದು ಗಾದೆಯಾಗಿ ಉಳಿದಿಲ್ಲ, ಕಾನೂನೇ ಆಗಿಬಿಟ್ಟಿದೆ. ಇಲ್ಲಿನ ಸಾಲ್ಟ್ ಲೇಕ್ ಸೆಕ್ಟರ್ ಫೈವ್ ಇರಲಿ, ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಇರಲಿ, ಕಥೆ ಒಂದೇ.

ಪ್ರೋಗ್ರಾಂ ಒಂದು ದಿಢೀರನೆ ಬಿತ್ತು ಅಂದುಕೊಳ್ಳಿ. ಮೆಮೊರಿಯಲ್ಲಿ ಹೋಗಬಾರದ ಜಾಗಕ್ಕೆ ಹೋಗಿ ಏನನ್ನೋ ಬರೆದಿದೆ. ಅದನ್ನು ಬರೆದ ಹುಡುಗ ಹದಿನೈದು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಹೆದರುತ್ತಲೇ 'ಸರ್, ಇದು ಕಂಪೈಲರಿನ ತಪ್ಪು ಅನ್ಸತ್ತೆ' ಅಂತಾನೆ. ರೂಮಿನ ತುಂಬ ನಗು. 'ಕಂಪೈಲರ್ ಯಾವತ್ತೂ ತಪ್ಪು ಮಾಡಲ್ಲಪ್ಪಾ, ನಿನ್ನ ಪಾಯಿಂಟರ್ ನೋಡ್ಕೋ ಹೋಗು.' ಅಲ್ಲಿಗೆ ವಿಚಾರಣೆ ಮುಗಿಯಿತು, ತೀರ್ಪು ಬಂತು, ಶಿಕ್ಷೆಯೂ ಆಯಿತು. ನನ್ನ ತಕರಾರು ಇರುವುದು ಆ ನಗುವಿನ ಮೇಲೆ.

ಈ ಕಸುಬಿನಲ್ಲಿ ಇಲ್ಲದವರಿಗಾಗಿ ಎರಡು ಮಾತು. ನಾವು ಬರೆಯುವ ಪ್ರೋಗ್ರಾಮನ್ನು ಯಂತ್ರ ನೇರವಾಗಿ ಓದುವುದಿಲ್ಲ. ನಡುವೆ ಒಬ್ಬ ದುಭಾಷಿ ಇದ್ದಾನೆ, ಅವನೇ ಕಂಪೈಲರ್. ನಾವು 'ಪಟ್ಟಿಯ ಹತ್ತನೆಯ ಅಂಕಿ ಕೊಡು' ಅಂತ ಬರೆದರೆ, ಅವನು ಅದನ್ನು 'ಇಷ್ಟನೇ ನಂಬರಿನ ಮನೆಯಿಂದ ಇಷ್ಟು ಹೆಜ್ಜೆ ಮುಂದೆ ಹೋಗು' ಅನ್ನುವ ವಿಳಾಸವಾಗಿ ಮಾಡಿ ಕೊಡುತ್ತಾನೆ. ಅವನು ಬರೀ ಅನುವಾದ ಮಾಡಿ ಸುಮ್ಮನಿರುವುದಿಲ್ಲ, ಜಾಣ! ಪ್ರೋಗ್ರಾಂ ಬೇಗ ಓಡಲಿ ಅಂತ ನಮ್ಮ ಸಾಲುಗಳನ್ನು ಹಿಂದೆ ಮುಂದೆ ಮಾಡುತ್ತಾನೆ, ಅನಾವಶ್ಯಕ ಅನ್ನಿಸಿದ್ದನ್ನು ಕಿತ್ತು ಹಾಕುತ್ತಾನೆ, ಗುಣಾಕಾರ ಇದ್ದಲ್ಲಿ ಕೂಡುವಿಕೆ ಇಡುತ್ತಾನೆ. ಇದಕ್ಕೇ ಆಪ್ಟಿಮೈಸೇಶನ್ ಅನ್ನುವುದು. ಒಳ್ಳೆಯದೇ. ಅದಿಲ್ಲದಿದ್ದರೆ ನಿಮ್ಮ ಮೊಬೈಲು ಬಿಸಿಯಾಗಿ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಆದರೆ ಈ ಜಾಣತನದ ನಡುವೆ ಎಲ್ಲೋ ಒಂದು ಕಡೆ ವಿಳಾಸವೇ ತಪ್ಪಿದರೆ?

ವಿಳಾಸ ತಪ್ಪುವುದು ಅಂದರೆ ಏನು ಅಂತ ತಿಳಿಯಬೇಕಾದರೆ ಒಮ್ಮೆ ಸಿಯಾಲ್ದಾಕ್ಕೆ ಬನ್ನಿ. ಸ್ಟೇಷನ್ನಿಗೆ ಹೆಸರು ಒಂದೇ, ಒಳಗೆ ನಾರ್ತ್, ಮೇನ್, ಸೌತ್ ಅಂತ ಮೂರು ಪಾಲು. ಬನ್‌ಗಾಂವ್ ಲೋಕಲ್ ಹಿಡಿಯಬೇಕಾದವರು ಸೌತ್ ಕಡೆ ನುಗ್ಗಿ ಕ್ಯಾನಿಂಗ್ ಲೋಕಲ್ ಹತ್ತಿದರು ಅಂತಿಟ್ಟುಕೊಳ್ಳಿ. ರೈಲು ಕೆಟ್ಟಿಲ್ಲ, ಹಳಿ ತಪ್ಪಿಲ್ಲ, ಡ್ರೈವರನದೇನೂ ದೋಷವಿಲ್ಲ. ಎಲ್ಲವೂ ಸಾಂಗವಾಗಿ ನಡೆದು, ಬಾಂಗ್ಲಾ ಗಡಿಯಲ್ಲಿ ಇಳಿಯಬೇಕಾದವರು ಸುಂದರಬನದ ಬಾಗಿಲಲ್ಲಿ ಹೋಗಿ ಇಳಿಯುತ್ತಾರೆ! ತಪ್ಪು ವಿಳಾಸದ ಗುಣವೇ ಇದು. ಹೊರಟ ಜಾಗದಲ್ಲಿ ಗಲಾಟೆಯೇ ಇರುವುದಿಲ್ಲ, ತಲುಪಿದ ಮೇಲೆಯೇ ಗೊತ್ತಾಗುವುದು. ಪ್ರೋಗ್ರಾಮಿನಲ್ಲಿ ಕೆಲವೊಮ್ಮೆ ತಲುಪಿದ ಮೇಲೂ ಗೊತ್ತಾಗುವುದಿಲ್ಲ. ಇನ್ನೊಬ್ಬರ ಮನೆಗೆ ಹೋಗಿ, ಅವರ ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿ ತಿದ್ದಿ, ಸದ್ದಿಲ್ಲದೆ ವಾಪಸು ಬಂದುಬಿಟ್ಟಿರುತ್ತದೆ. ಆ ಪುಸ್ತಕ ಆರು ತಿಂಗಳ ನಂತರ ಯಾರೋ ತೆರೆದಾಗ, ಬೈಸಿಕೊಳ್ಳುವವರು ಆ ಮನೆಯವರು.

*

'ಇದೆಲ್ಲ ಕಲ್ಪನೆ ಸ್ವಾಮಿ, ನಿಜವಾಗಿ ಎಲ್ಲಾಗಿದೆ?' ಅನ್ನುವವರಿಗೆ 2014ರ ಜುಲೈ ತಿಂಗಳ ಕಥೆ ಹೇಳುತ್ತೇನೆ.

ಲಿನಕ್ಸ್ ಕರ್ನಲ್ ಗೊತ್ತಲ್ಲ, ಆಂಡ್ರಾಯ್ಡ್ ಫೋನಿನಿಂದ ಹಿಡಿದು ಸೂಪರ್ ಕಂಪ್ಯೂಟರಿನವರೆಗೆ ಎಲ್ಲದರ ಹೊಟ್ಟೆಯಲ್ಲೂ ಇರುವುದು. ಆ ತಿಂಗಳು ಕೆಲವರ ಯಂತ್ರಗಳು ಕಾರಣವೇ ಇಲ್ಲದೆ ಬೀಳತೊಡಗಿದವು. ಒಮ್ಮೆ ಬೀಳುತ್ತೆ, ಒಮ್ಮೆ ಇಲ್ಲ. ಬೀಳುತ್ತಿದ್ದ ಜಾಗ 'ಲೋಡ್ ಬ್ಯಾಲೆನ್ಸ್' ಅನ್ನುವ ಫಂಕ್ಷನ್, ಯಾವ ಪ್ರೊಸೆಸರಿಗೆ ಎಷ್ಟು ಕೆಲಸ ಅಂತ ಹಂಚುವಂಥದ್ದು. ಸಿ ಭಾಷೆಯಲ್ಲಿ ಬರೆದ ಕೋಡನ್ನು ಎಷ್ಟು ಸಲ ಓದಿದರೂ ಸರಿಯಾಗಿಯೇ ಇದೆ. ಕೊನೆಗೆ ಲಿನಸ್ ಟೋರ್ವಾಲ್ಡ್ಸ್ ಜಿಸಿಸಿ 4.9.0 ಹುಟ್ಟಿಸಿದ ಅಸೆಂಬ್ಲಿಯನ್ನೇ ಎದುರಿಗಿಟ್ಟುಕೊಂಡು ಓದಿದರು. ಅಲ್ಲಿ ಸಿಕ್ಕಿತು ಕಳ್ಳತನ.

ಅದನ್ನು ಹೇಳಲು ನಮ್ಮೂರ ಕೆಂಪು ಬಸ್ಸೇ ಬೇಕು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ (ಇಲ್ಲಿ ರಾಣಾಘಾಟ್ ಲೋಕಲಿನಲ್ಲಿ ಕರವಸ್ತ್ರ, ಅಷ್ಟೇ ವ್ಯತ್ಯಾಸ), ಆಮೇಲೆ ಚೀಲ ಇಡುತ್ತೇವೆ. ಪ್ರೋಗ್ರಾಮಿನ ಪ್ರತಿ ಫಂಕ್ಷನ್ನೂ ಸ್ಟ್ಯಾಕ್ ಅನ್ನುವ ಜಾಗದಲ್ಲಿ ಹೀಗೆಯೇ ಮಾಡುತ್ತದೆ. ಮೊದಲು 'ಇಷ್ಟು ಜಾಗ ನನ್ನದು' ಅಂತ ಟವೆಲ್, ಆಮೇಲೆ ತನ್ನ ಸಾಮಾನು. ಜಿಸಿಸಿ ವೇಗಕ್ಕಾಗಿ ಆದೇಶಗಳನ್ನು ಹಿಂದೆ ಮುಂದೆ ಮಾಡುವಾಗ, ಚೀಲವನ್ನು ಮೊದಲು ಇಟ್ಟು ಟವೆಲನ್ನು ಆಮೇಲೆ ಹಾಸಿತು. ಈ ಎರಡರ ನಡುವಿನ ಕ್ಷಣದಲ್ಲಿ ಇಂಟರಪ್ಟ್ ಬಂದರೆ? ಖಾಲಿ ಸೀಟು ಅಂದುಕೊಂಡು ಅದು ನಮ್ಮ ಚೀಲದ ಮೇಲೆಯೇ ಕೂತುಬಿಡುತ್ತದೆ. ಚೀಲದಲ್ಲಿ ಇದ್ದದ್ದು ಒಂದು ವಿಳಾಸ. ಫಂಕ್ಷನ್ ಅದನ್ನು ವಾಪಸು ತೆಗೆದು ಓದಿದರೆ ಅದು ವಿಳಾಸವೇ ಅಲ್ಲ, ಕಸ. ಆ ಕಸವನ್ನೇ ವಿಳಾಸ ಅಂತ ನಂಬಿ ಹೊರಟರೆ ಇನ್ನೇನಾಗುತ್ತೆ, ಯಂತ್ರ ಮಲಗುತ್ತದೆ. 64-ಬಿಟ್ ಲಿನಕ್ಸಿನಲ್ಲಿ ಸಾಮಾನ್ಯ ಪ್ರೋಗ್ರಾಂಗಳಿಗೆ ಟವೆಲಿನ ಆಚೆಗೂ 128 ಬೈಟುಗಳಷ್ಟು ರಿಯಾಯಿತಿ ಇರುತ್ತದೆ, ಅಲ್ಲಿ ಯಾರೂ ಕೂರುವಂತಿಲ್ಲ. ಕರ್ನಲ್‌ಗೆ ಆ ರಿಯಾಯಿತಿ ಇಲ್ಲ ಅಂತ ಕಂಪೈಲರಿಗೆ ಸ್ಪಷ್ಟವಾಗಿ ಹೇಳಿಯೇ ಇರುತ್ತಾರೆ. ಹೇಳಿದ್ದರೂ ಮರೆಯಿತು.

ಇನ್ನೂ ತಮಾಷೆ ಕೇಳಿ. ಈ ಬಗ್ ಹೊರಬರುತ್ತಿದ್ದದ್ದು ಡಿಬಗ್ ಮಾಹಿತಿ ಸೇರಿಸಿ ಕಂಪೈಲ್ ಮಾಡಿದಾಗ! ಅಂದರೆ ತಪ್ಪು ಹುಡುಕಲು ಅಂತ ಹಚ್ಚಿದ ದೀಪವೇ ಮನೆಗೆ ಬೆಂಕಿ ಇಟ್ಟಿತು. ಜಿಸಿಸಿ 4.5ರಿಂದಲೂ, ಅಂದರೆ 2010ರಿಂದಲೂ, ಈ ತಪ್ಪು ಒಳಗೆ ಮಲಗಿತ್ತು. 4.9ರಲ್ಲಿ ಬೇರೇನೋ ಸಣ್ಣ ಬದಲಾವಣೆಯಾಗಿ ಎದ್ದು ಕೂತಿತು. ನಾಲ್ಕು ವರ್ಷ! ಆ ನಾಲ್ಕು ವರ್ಷಗಳಲ್ಲಿ ಜಗತ್ತಿನ ಯಾವ ಯಾವ ಮೂಲೆಯ ಆಫೀಸಿನಲ್ಲಿ ಯಾರ ಯಾರ ಪ್ರೋಗ್ರಾಂ ಇದೇ ಕಾರಣಕ್ಕೆ ಬಿದ್ದಿರಬಹುದು, ಯಾರು ಯಾರು ಬೈಸಿಕೊಂಡಿರಬಹುದು, ಲೆಕ್ಕ ಇಟ್ಟವರು ಯಾರು?

ಆ ಪ್ರಸಂಗದಲ್ಲಿ ಲಿನಸ್ ಜಿಸಿಸಿಯನ್ನು ಹಿಗ್ಗಾಮುಗ್ಗಾ ಬೈದದ್ದು ಎಲ್ಲರಿಗೂ ನೆನಪಿದೆ. ಬೈಯುವ ಮೊದಲು ಕೂತು ಅಸೆಂಬ್ಲಿ ಓದಿದ್ದು ಮಾತ್ರ ಯಾರಿಗೂ ನೆನಪಿಲ್ಲ. ನಾನು ಕೇಳುವುದು ಇಷ್ಟೇ: ಅದೇ ಅಸೆಂಬ್ಲಿಯ ಅದೇ ಎರಡು ಸಾಲನ್ನು ಇಪ್ಪತ್ತೆರಡು ವರ್ಷದ, ಬ್ಯಾರಕ್‌ಪುರದಿಂದಲೋ ಭದ್ರಾವತಿಯಿಂದಲೋ ಬಂದ ಹುಡುಗಿಯೊಬ್ಬಳು ತೋರಿಸಿದ್ದರೆ ನೀವು ನೋಡುತ್ತಿದ್ದಿರಾ? ಅಥವಾ ನಗುತ್ತಿದ್ದಿರಾ?

*

ಈಗ ಎದುರು ಪಕ್ಷದ ವಾದಕ್ಕೆ ಬರೋಣ, ಅದರಲ್ಲೂ ಹುರುಳಿದೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ತಪ್ಪು ನಮ್ಮದೇ ಅಂತ ಅನುಭವಸ್ಥರು ಹೇಳುತ್ತಾರೆ. ಒಪ್ಪಿದೆ. 'ಕಂಪೈಲರ್ ಬಗ್' ಅಂತ ಬೊಬ್ಬೆ ಹೊಡೆದು ಕೊನೆಗೆ ಸ್ವಂತ ಪಾಯಿಂಟರ್ ಎಡವಟ್ಟು ಸಿಕ್ಕಿಬಿದ್ದ ಪ್ರಸಂಗಗಳು ಬೇಕಾದಷ್ಟಿವೆ. ಆದ್ದರಿಂದ ಮೊದಲು ನಿನ್ನ ಕೋಡು ನೋಡಿಕೋ ಅನ್ನುವುದು ಒಳ್ಳೆಯ ಸಲಹೆ. ಆದರೆ ಸಲಹೆ ಬೇರೆ, ತೀರ್ಪು ಬೇರೆ. ನೂರರಲ್ಲಿ ತೊಂಬತ್ತೊಂಬತ್ತು ಜ್ವರ ಸಾಧಾರಣ ಜ್ವರ ಅಂತ ಯಾವ ಡಾಕ್ಟರೂ ರಕ್ತಪರೀಕ್ಷೆ ಕೇಳಿದ ರೋಗಿಯನ್ನು ನೋಡಿ ನಗುವುದಿಲ್ಲ.

ಇನ್ನು ನಡುವಿನ ಜಾತಿಯ ತಪ್ಪುಗಳೂ ಇವೆ. 2009ರಲ್ಲಿ ಅದೇ ಲಿನಕ್ಸಿನ 'ಟನ್' ಡ್ರೈವರಿನಲ್ಲಿ ಒಂದು ದೊಡ್ಡ ಭದ್ರತಾ ದೋಷ ಬಯಲಾಯಿತು. ಪ್ರೋಗ್ರಾಂ ಬರೆದವರು ಪಾಯಿಂಟರನ್ನು ಮೊದಲು ಬಳಸಿ, ಮರುಸಾಲಿನಲ್ಲಿ 'ಇದು ಸೊನ್ನೆಯಾಗಿದ್ದರೆ ವಾಪಸು ಹೋಗು' ಅಂತ ಪರೀಕ್ಷೆ ಇಟ್ಟಿದ್ದರು. ಕಂಪೈಲರ್ ಏನು ಯೋಚಿಸಿತು? 'ಮೊದಲೇ ಬಳಸಿದ್ದಾರೆ ಅಂದಮೇಲೆ ಅದು ಸೊನ್ನೆ ಆಗಿರಲು ಸಾಧ್ಯವೇ ಇಲ್ಲ, ಈ ಪರೀಕ್ಷೆ ದಂಡ' ಅಂತ ಕಿತ್ತು ಬಿಸಾಕಿತು. ಭಾಷೆಯ ನಿಯಮದ ಪ್ರಕಾರ ಕಂಪೈಲರ್ ಮಾಡಿದ್ದು ಸರಿ. ಆದರೆ ಬಾಗಿಲಿಗೆ ಬೀಗ ಹಾಕಿದ್ದನ್ನು 'ಬಾಗಿಲು ತೆರೆದೇ ಬಂದಿದ್ದೀರಲ್ಲ, ಬೀಗ ಯಾಕೆ' ಅಂತ ಕಿತ್ತುಕೊಂಡು ಹೋಗುವ ಕೆಲಸದವನನ್ನು ನೀವು ಇಟ್ಟುಕೊಳ್ಳುತ್ತೀರಾ? ಕರ್ನಲ್ ಮಂದಿ ಅಂಥ ಪರೀಕ್ಷೆಗಳನ್ನು ಕೀಳಬೇಡ ಅಂತ ಕಂಪೈಲರಿಗೆ ಹೇಳುವ ಆಪ್ಶನ್ನನ್ನು ಸೇರಿಸಿಕೊಂಡರು. ಇಲ್ಲಿ ತಪ್ಪು ಇಬ್ಬರದೂ. ನನ್ನ ವಾದ ಪ್ರೋಗ್ರಾಮರನ್ನು ಬಿಟ್ಟುಬಿಡಿ ಅಂತಲ್ಲ, ಇಬ್ಬರನ್ನೂ ಕಟಕಟೆಯಲ್ಲಿ ನಿಲ್ಲಿಸಿ ಅಂತ.

ಮತ್ತೆ, ಕಂಪೈಲರ್ ತಯಾರಿಸುವ ದೊಡ್ಡವರಿಗೆ ಇದೆಲ್ಲ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. 2011ರ ಜುಲೈ 28ರಂದು ಒರಾಕಲ್ ಕಂಪನಿಯ ಜಾವಾ 7 ಬಿಡುಗಡೆಯಾಯಿತು. ಅದರ ಹಾಟ್‌ಸ್ಪಾಟ್ ಕಂಪೈಲರ್ ಕೆಲವು ಲೂಪುಗಳನ್ನು ತಪ್ಪಾಗಿ ಆಪ್ಟಿಮೈಸ್ ಮಾಡುತ್ತಿತ್ತು. ಅಪಾಚೆಯ ಲೂಸೀನ್ ಅನ್ನುವ ಹುಡುಕಾಟದ ತಂತ್ರಾಂಶ ಅದರ ಮೇಲೆ ಓಡಿಸಿದರೆ ಒಂದೋ ಜಾವಾವೇ ಸತ್ತು ಬೀಳುತ್ತಿತ್ತು, ಇಲ್ಲವೇ ಸೂಚಿಯ ಕಡತಗಳು ಕೆಡುತ್ತಿದ್ದವು. ವಿಷಯ ಬಿಡುಗಡೆಗೆ ಐದು ದಿನ ಮೊದಲೇ ಗೊತ್ತಾಗಿತ್ತು. ಆದರೂ ನಿಗದಿಯಾದ ದಿನವೇ ಬಿಡುಗಡೆ, ಆಮೇಲೆ ಸರಿಮಾಡುತ್ತೇವೆ ಅಂತ. ಲೂಸೀನ್ ಮಂದಿ 'ಇದನ್ನು ಬಳಸಬೇಡಿ' ಅಂತ ತಾವೇ ಎಚ್ಚರಿಕೆ ಕೊಡಬೇಕಾಯಿತು. ಸರಿಪಡಿಸಿದ್ದು ಬಂದದ್ದು ಅಕ್ಟೋಬರಿನಲ್ಲಿ. ಗಮನಿಸಿ, ಕಂಪೈಲರಿನವರಿಗೆ ತಾರೀಖು ಮುಖ್ಯವಾದರೆ ಅದು ವ್ಯವಹಾರ. ನಮ್ಮ ಹುಡುಗ ಎರಡು ವಾರ ತಡಮಾಡಿದರೆ ಅದು ಅಸಮರ್ಥತೆ!

ಅದೇ 2011ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜಾನ್ ರೆಗರ್ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಸಿಸ್ಮಿತ್ ಅನ್ನುವ ಸಾಧನದಿಂದ ಮನಸ್ಸಿಗೆ ಬಂದಂತೆ ಸಿ ಪ್ರೋಗ್ರಾಂಗಳನ್ನು ಹುಟ್ಟಿಸಿ ಕಂಪೈಲರುಗಳಿಗೆ ತಿನ್ನಿಸುತ್ತಾ ಹೋದರು. ಮೂರು ವರ್ಷಗಳಲ್ಲಿ ಸಿಕ್ಕಿದ್ದು 325ಕ್ಕೂ ಹೆಚ್ಚು ಹೊಸ ಬಗ್‌ಗಳು. ಪರೀಕ್ಷಿಸಿದ ಪ್ರತಿಯೊಂದು ಕಂಪೈಲರೂ ತಾನೇ ಕುಸಿದದ್ದೂ ಉಂಟು, ಸದ್ದಿಲ್ಲದೆ ತಪ್ಪು ಕೋಡು ಕೊಟ್ಟದ್ದೂ ಉಂಟು. ಗಣಿತದ ಸಾಧನೆಯ ಮೂಲಕ ಸರಿ ಅಂತ ತೋರಿಸಿದ ಫ್ರಾನ್ಸಿನ ಕಾಂಪ್‌ಸರ್ಟ್ ಕಂಪೈಲರಿನ ಸಾಧಿತ ಭಾಗದಲ್ಲಿ ಮಾತ್ರ, ಪ್ರೊಸೆಸರ್ ಲೆಕ್ಕದಲ್ಲಿ ಆರು ವರ್ಷದಷ್ಟು ಹುಡುಕಿದರೂ, ಅಂಥ ತಪ್ಪು ಕೋಡು ಸಿಗಲಿಲ್ಲ. ನಮ್ಮ ಆಫೀಸುಗಳಲ್ಲಿ ಕಾಂಪ್‌ಸರ್ಟ್ ಬಳಸುವವರು ಎಷ್ಟು ಜನ? ಬಿಡಿ, ಕೇಳಬಾರದಿತ್ತು.

*

ಇಷ್ಟು ಖಾರ ಯಾಕೆ ಅಂತ ಕೇಳಿದರೆ, ಕಣ್ಣಾರೆ ಕಂಡದ್ದಿದೆ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ (ಹೆಸರು ಬೇಡ) ಪುಟ್ಟ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದರು. ಹೊಸದಾಗಿ ಸೇರಿದ ಒಬ್ಬ ಹುಡುಗ, ಸಿಯಾಲ್ದಾದಿಂದ ದಿನಾ ಕೃಷ್ಣನಗರ ಲೋಕಲಿನಲ್ಲಿ ನೇತಾಡಿಕೊಂಡು ಓಡಾಡುವವನು, 256 ಮನೆಗಳ ಒಂದು ಸುತ್ತುಪಟ್ಟಿ ಬರೆದಿದ್ದ. ಎಂಟು ಬಿಟ್ಟಿನ ಎಣಿಕೆ, 255 ಆದಮೇಲೆ ತಾನಾಗಿಯೇ 0 ಆಗಬೇಕು, ಭಾಷೆಯ ನಿಯಮವೂ ಅದೇ. ಅಲ್ಲಿನ ಹಳೆಯ ಕಂಪೈಲರ್ ವೇಗ ಹೆಚ್ಚಿಸಲು ಎಣಿಕೆಯನ್ನೇ ತೆಗೆದುಹಾಕಿ, ವಿಳಾಸವನ್ನೇ ಒಂದೊಂದಾಗಿ ಮುಂದೆ ತಳ್ಳುತ್ತಾ ಹೋಯಿತು. ಎಣಿಕೆ ಸುತ್ತಿ ವಾಪಸು ಬರುತ್ತದೆ, ವಿಳಾಸ ಬರುವುದಿಲ್ಲ! ಬೀದಿ ಮುಗಿದರೂ 256ನೇ ಮನೆ, 257ನೇ ಮನೆ ಅಂತ ಪಕ್ಕದವರ ಜಾಗಕ್ಕೆ ಬರೆಯುತ್ತಾ ಹೋಯಿತು.

ಅವನು ಅಸೆಂಬ್ಲಿ ಪ್ರಿಂಟ್ ತೆಗೆದು, ಪೆನ್ಸಿಲಿನಲ್ಲಿ ಗೆರೆ ಎಳೆದು, 'ದಾದಾ, ಇಲ್ಲಿ ನೋಡಿ' ಅಂತ ತೋರಿಸಿದ. ಸಂಶಯಕ್ಕೆ ಎಡೆಯೇ ಇಲ್ಲದಷ್ಟು ಸ್ಪಷ್ಟ. ಮೇಲಿನವರು ಮಾಡಿದ್ದೇನು ಗೊತ್ತೇ? ಆ ಒಂದು ಫೈಲಿಗೆ ಆಪ್ಟಿಮೈಸೇಶನ್ ಆಫ್ ಮಾಡಿಸಿದರು, ಬಗ್ ಕಾಣದಾಯಿತು, ಮಾಲು ಕಳಿಸಿದರು. ಕಂಪೈಲರ್ ಮಾರಿದವರಿಗೆ ಒಂದು ಸಾಲಿನ ಪತ್ರವೂ ಹೋಗಲಿಲ್ಲ. ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ಮಾತ್ರ 'ಪಾಯಿಂಟರ್ ಬಳಕೆಯಲ್ಲಿ ಹಿಡಿತ ಸಾಲದು' ಅನ್ನುವ ಸಾಲು ಹಾಗೆಯೇ ಉಳಿಯಿತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಮರುವರ್ಷ ಹುಡುಗ ಕೆಲಸ ಬಿಟ್ಟ.

ಆಪ್ಟಿಮೈಸೇಶನ್ ಆಫ್ ಮಾಡುವುದು ಪರಿಹಾರ ಅಲ್ಲ ಅನ್ನುವುದನ್ನು ಇಲ್ಲಿ ಒತ್ತಿ ಹೇಳಬೇಕು. ಆಫ್ ಮಾಡಿದಾಗ ಬಗ್ ಹೋಯಿತು ಅಂದರೆ ಎರಡು ಅರ್ಥ ಸಾಧ್ಯ: ಕಂಪೈಲರ್ ತಪ್ಪಿರಬಹುದು, ಅಥವಾ ನಮ್ಮ ತಪ್ಪೇ ಮರೆಯಾಗಿ ಕೂತಿರಬಹುದು. ಯಾವುದು ಅಂತ ತಿಳಿಯದೆ ಕಳಿಸಿದರೆ ಅದು ಗಾಯಕ್ಕೆ ಔಷಧಿ ಹಚ್ಚಿದ್ದಲ್ಲ, ಅಂಗಿ ಮುಚ್ಚಿದ್ದು. ಅದೇ ಕಂಪೈಲರ್, ಅದೇ ಕಂಪನಿಯ ಉಳಿದ ನೂರಾರು ಫೈಲುಗಳನ್ನು ಅದೇ ಜಾಣತನದಿಂದ ಅನುವಾದಿಸುತ್ತಲೇ ಇತ್ತಲ್ಲ, ಅವುಗಳ ಗತಿ?

ವಿಮಾನದವರು ಹೀಗೆ ಮಾಡುವಂತಿಲ್ಲ. ಅವರ ಡಿಒ-178ಸಿ ನಿಯಮಾವಳಿಯಲ್ಲಿ, ಪ್ರಾಣಕ್ಕೆ ನೇರ ಸಂಬಂಧಪಟ್ಟ ಎ ದರ್ಜೆಯ ತಂತ್ರಾಂಶಕ್ಕೆ, ಮೂಲಕೋಡಿಗೆ ನೇರವಾಗಿ ಜೋಡಿಸಿ ತೋರಿಸಲಾಗದ ಯಂತ್ರಸಂಕೇತವನ್ನು ಕಂಪೈಲರ್ ಹುಟ್ಟಿಸಿದರೆ ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಲೇಬೇಕು. ಅಂದರೆ ದುಭಾಷಿಯ ಮೇಲೆ ಕುರುಡು ನಂಬಿಕೆ ಬೇಡ ಅಂತ ನಿಯಮವೇ ಹೇಳುತ್ತದೆ. 2022ರ ಜುಲೈನಲ್ಲಿ ಸಿಯಾಲ್ದಾಕ್ಕೆ ನೆಲದಡಿ ಮೆಟ್ರೋ ಬಂತು, ಕಂಪ್ಯೂಟರು ನಿಯಂತ್ರಿಸುವ ಸಿಗ್ನಲ್ ವ್ಯವಸ್ಥೆಯಲ್ಲಿ ಅದು ಓಡುತ್ತದೆ. ಅಂಥ ಪ್ರೋಗ್ರಾಂಗಳೂ ಯಾವುದೋ ದುಭಾಷಿಯ ಕೈದಾಟಿ ಬಂದವೇ. ಅಲ್ಲಿ ಯಾರಾದರೂ ಕಿರಿಯ ಇಂಜಿನಿಯರ್ 'ವಿಳಾಸ ಸರಿಯಿಲ್ಲ' ಅಂದರೆ ಹಿರಿಯರು ನಗಬಾರದು ಅಂತ ದಿನಾ ಅದರಲ್ಲಿ ಕೂರುವ ನನ್ನ ಆಸೆ. ದೊಡ್ಡ ಆಸೆಯೇ ಇದು?

*

ಬೇಜಾರಿನ ಸಂಗತಿ ಏನೆಂದರೆ, ಈ ಊರಿಗೆ ಈ ವಿದ್ಯೆ ಹೊಸದಲ್ಲ. ಸಿಯಾಲ್ದಾದಿಂದ ಉತ್ತರಕ್ಕೆ ಡಾನ್‌ಕುಣಿ ಕಡೆಯ ರೈಲು ಹತ್ತಿದರೆ ಬಾರಾನಗರ್ ರೋಡ್ ಸಿಗುತ್ತದೆ. ಅಲ್ಲಿನ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ 1950ರ ದಶಕದ ನಡುವೆ ಬ್ರಿಟನ್ನಿನಿಂದ ಎಚ್‌ಇಸಿ-2ಎಂ ಅನ್ನುವ ಯಂತ್ರ ಬಂತು, ಭಾರತದ ಮೊದಲ ಡಿಜಿಟಲ್ ಕಂಪ್ಯೂಟರ್. ಅದಕ್ಕೆ ಪ್ರೋಗ್ರಾಂ ಬರೆದವರು ಯಂತ್ರದ ಭಾಷೆಯಲ್ಲೇ ಬರೆಯಬೇಕಿತ್ತು. ಯಾವ ಅಂಕಿ ಯಾವ ವಿಳಾಸದಲ್ಲಿದೆ ಅನ್ನುವುದು ಅವರ ಬೆರಳ ತುದಿಯಲ್ಲಿತ್ತು. ದಕ್ಷಿಣದ ರೈಲು ಹತ್ತಿದರೆ ಜಾದವಪುರ. ಅಲ್ಲಿನ ವಿಶ್ವವಿದ್ಯಾಲಯವೂ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟೂ ಸೇರಿ 1966ರಲ್ಲಿ ಐಎಸ್ಐಜೆಯು-1 ಅನ್ನುವ ಕಂಪ್ಯೂಟರನ್ನು ತಾವೇ ಕಟ್ಟಿದರು. ಯಂತ್ರದ ಹೊಟ್ಟೆ ಬಗೆದು ನೋಡಿದ ಜನ ಅವರು.

ನಮ್ಮ ಕಡೆಯೂ ಕಡಿಮೆಯೇನಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ 'ದ ಕಂಪೈಲರ್ ಡಿಸೈನ್ ಹ್ಯಾಂಡ್‌ಬುಕ್' 2002ರಲ್ಲಿ ಬಂತು, 2007ರಲ್ಲಿ ಎರಡನೇ ಮುದ್ರಣ. ಅದರ ಉಪಶೀರ್ಷಿಕೆಯಲ್ಲೇ ಆಪ್ಟಿಮೈಸೇಶನ್ ಮತ್ತು ಯಂತ್ರಸಂಕೇತ ಎರಡೂ ಇವೆ. ಹೊರದೇಶದವರು ಓದುವ ಪುಸ್ತಕ. ನಮ್ಮ ಊರುಗಳ ಎಷ್ಟು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮಕ್ಕಳು ಒಂದೇ ಒಂದು ಸಲವಾದರೂ ತಮ್ಮ ಪ್ರೋಗ್ರಾಮಿನ ಅಸೆಂಬ್ಲಿಯನ್ನು ತೆಗೆದು ಓದಿದ್ದಾರೆ? ಕಂಪೈಲರ್ ಪಾಠ ಅಂದರೆ ವ್ಯಾಕರಣದ ಮರ ಬಿಡಿಸುವುದು, ಪರೀಕ್ಷೆಯಲ್ಲಿ ಹತ್ತು ಅಂಕ, ಮುಗಿಯಿತು. ಹೊಟ್ಟೆ ನೋಡದವರು ಹೊಟ್ಟೆನೋವನ್ನು ನಂಬುವುದಾದರೂ ಹೇಗೆ?

ನಾನು ಕೇಳುವುದು ಚಂದ್ರಲೋಕವನ್ನಲ್ಲ, ಮೂರೇ ಮೂರು ಸಂಗತಿ. ಒಂದು, ಪ್ರೋಗ್ರಾಂ ತಪ್ಪು ವಿಳಾಸಕ್ಕೆ ಹೋಯಿತು ಅಂದರೆ ಮೂಲಕೋಡಿನ ಜೊತೆಗೆ ಕಂಪೈಲರ್ ಕೊಟ್ಟ ಅಸೆಂಬ್ಲಿಯನ್ನೂ ಮೇಜಿನ ಮೇಲಿಟ್ಟು, ಹಿರಿಯರೇ ಜೊತೆಗೆ ಕೂತು ನೋಡಬೇಕು. ಎರಡು, ಯಾವ ಆಪ್ಟಿಮೈಸೇಶನ್ ಹಾಕಿ ಗ್ರಾಹಕರಿಗೆ ಕೊಡುತ್ತೀರೋ ಅದನ್ನೇ ಹಾಕಿ ಟೆಸ್ಟ್ ಮಾಡಬೇಕು. ಆಫ್ ಮಾಡಿ ಟೆಸ್ಟ್, ಆನ್ ಮಾಡಿ ಮಾರಾಟ ಅನ್ನುವುದು ಒಂದು ಅಕ್ಕಿ ತೋರಿಸಿ ಇನ್ನೊಂದು ಅಕ್ಕಿ ತೂಗಿದ ಹಾಗೆ. ಮೂರು, ಕಂಪೈಲರಿನ ತಪ್ಪು ಸಿಕ್ಕರೆ ಹತ್ತು ಸಾಲಿನ ಪುಟ್ಟ ಪ್ರೋಗ್ರಾಮಿಗೆ ಇಳಿಸಿ ತಯಾರಕರಿಗೆ ಬರೆಯಬೇಕು, ಮತ್ತು ಹುಡುಕಿದವರ ಹೆಸರು ಅಪ್ರೈಸಲ್‌ನಲ್ಲಿ ಹೊಗಳಿಕೆಯ ಕಡೆ ಬರಬೇಕು. ಇದಕ್ಕೆ ಹಣ ಬೇಡ, ಹೊಸ ಸಾಫ್ಟ್‌ವೇರ್ ಬೇಡ. ಮುಚ್ಚಿದ ಬಾಯಿ, ತೆರೆದ ಕಣ್ಣು ಸಾಕು.

ಕುಣಿಯಲು ಬಾರದವರು ನೆಲ ಡೊಂಕು ಅನ್ನುತ್ತಾರೆ, ನಿಜ. ಆದರೆ ಮಟ್ಟಗೋಲು ತಂದು ನೆಲದ ಮೇಲಿಟ್ಟು ನೋಡಲು ಎರಡು ನಿಮಿಷ ಸಾಕಲ್ಲ? ಅದನ್ನೂ ಮಾಡದೆ ಕುಣಿಯುವವರ ಕಾಲನ್ನೇ ದೂರುವವರಿಗೆ ಏನನ್ನಬೇಕು? ನಿಮ್ಮ ಆಫೀಸಿನಲ್ಲಿ ಹೇಗೆ? ನಗುತ್ತಾರೋ, ನೋಡುತ್ತಾರೋ? ನೀವೇನಂತೀರಿ?